ಕೋಲಾರ ಇಂಗ್ಲಿಷ್ ಅಭ್ಯಾಸ ಗುಂಪಿಗೆ: ಇವತ್ತಿನ ಬಿಟ್ಟ ಸ್ಥಳ

ಎಲ್ಲರಿಗೂ ನಮಸ್ಕಾರ. ನಿನ್ನೆಯ ಉತ್ತರಗಳನ್ನು ನೋಡಿದೆ. ಹೊಸ ಪದಗಳು ಚೆನ್ನಾಗಿ ಬರುತ್ತಿವೆ, ತುಂಬಾ ಖುಷಿಯಾಯಿತು. ಸರ್ವನಾಮದಲ್ಲಿ ಮಾತ್ರ ಒಂದೇ ತಪ್ಪು ಜಾಸ್ತಿ ಕಂಡಿತು.

'ಮೈ ಗ್ರ್ಯಾಂಡ್‌ಫಾದರ್ ಗ್ರೋಸ್ ಟೊಮ್ಯಾಟೋಸ್. ____ ಸೆಲ್ಸ್ ದೆಮ್ ಇನ್ ಕೋಲಾರ.'

ಇಲ್ಲಿ ತುಂಬಾ ಜನ 'ದೇ' ಹಾಕಿದ್ದೀರಿ. ತಾತನನ್ನು ನಾವು 'ಅವರು' ಅನ್ನುತ್ತೇವೆ ಅಲ್ವಾ, ಅದಕ್ಕೇ. ಇಂಗ್ಲಿಷಿನಲ್ಲಿ ತಾತನಾದರೂ 'ಹೀ'. ಅದರಲ್ಲಿ ಅಗೌರವ ಏನೂ ಇಲ್ಲ. 'ಸೆಲ್ಸ್' ಕೊನೆಯ 'ಸ್' ನೋಡಿ. ಒಬ್ಬರೇ ಅಂತ ಅದೇ ಹೇಳಿಬಿಡುತ್ತದೆ. 'ದೆಮ್' ಅಂದರೆ ಟೊಮ್ಯಾಟೋಗಳು.

ಇವತ್ತಿನದು: 'ದಿ ಟೀಚರ್ ಲಾಸ್ಟ್ ಹರ್ ಪೆನ್. ಕ್ಯಾನ್ ಯೂ ಹೆಲ್ಪ್ ____ ಫೈಂಡ್ ____?'

ರಾತ್ರಿ 9 ಗಂಟೆಯೊಳಗೆ ಇಲ್ಲೇ ಬರೆಯಿರಿ. ಸುಮ್ನೆ ಪದ ಮಾತ್ರ ಬೇಡ. ಪೂರ್ತಿ ವಾಕ್ಯ ಬರೆದು, ಒಂದು ಸಲ ಗಟ್ಟಿಯಾಗಿ ಓದಿ.