ಕರುಣೆಗೆ ಎರಡನೇ ಭೇಟಿಯೂ ಬೇಕು

ಮಾನ್ಯ ಸಂಪಾದಕರೇ,

ಈಸ್ಟರ್‌ಗೆ ಮುಂಚಿನ ಉಪವಾಸ, ಪ್ರಾರ್ಥನೆಯ ಕಾಲವಾದ ತಪಸ್ಸುಕಾಲದ 40 ದಿನಗಳು ಬಂದವೆಂದರೆ ಕ್ರೈಸ್ತ ಸಭೆಗಳಲ್ಲಿ ದಾನಧರ್ಮದ ಮಾತು ಜೋರಾಗುತ್ತದೆ. ದಿನಸಿ ಹಂಚಿಕೆ, ಹೊದಿಕೆ, ಆಸ್ಪತ್ರೆ ಭೇಟಿ ಎಲ್ಲವೂ ನಡೆಯುತ್ತವೆ. ಈಸ್ಟರ್ ಮುಗಿಯುತ್ತಿದ್ದಂತೆ ಬಹಳಷ್ಟು ನಿಂತೇ ಹೋಗುತ್ತವೆ. ಕೊಡುವವರ ಮನಸ್ಸು ಕೆಟ್ಟದ್ದು ಎಂದು ನಾವು ಹೇಳುತ್ತಿಲ್ಲ. ಕರುಣೆ ಎಂದರೆ ಉಕ್ಕಿಬರುವ ಭಾವನೆ ಎಂದಷ್ಟೇ ತಿಳಿದು, ಅದೊಂದು ಕೆಲಸ ಎಂಬುದನ್ನು ಮರೆತಿದ್ದೇವೆ. ಸಭೆಯ ಸಹಾಯಕಾರ್ಯದಲ್ಲಿ ತೊಡಗಿರುವವರಾಗಿ ಈ ಮಾತನ್ನು ಬರೆಯುತ್ತಿದ್ದೇವೆ.

ಬೈಬಲಿನಲ್ಲಿ ಲೂಕನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸು ಹೇಳುವ ಸಮಾರ್ಯದವನ ಸಾಮ್ಯ, ಅಂದರೆ ದೃಷ್ಟಾಂತ ಕಥೆ, ಎಲ್ಲರಿಗೂ ಗೊತ್ತು. ಅವನು ಏನೇನು ಮಾಡಿದ ಎಂದು ಒಂದೊಂದಾಗಿ ಗಮನಿಸಿದವರು ಕಡಿಮೆ. ಯೆರೂಸಲೇಮಿನಿಂದ ಯೆರಿಕೋವಿಗೆ ಸುಮಾರು 1000 ಮೀಟರ್ ಇಳಿಯುವ ನಿರ್ಜನ ದಾರಿ ಅದು. ಕಳ್ಳರು ಬಡಿದುಹಾಕಿದವನನ್ನು ಯಾಜಕನೂ ಕಂಡ, ದೇವಾಲಯದ ಸೇವೆಯವನಾದ ಲೇವಿಯನೂ ಕಂಡ, ಯೆಹೂದ್ಯರು ದೂರವಿಟ್ಟಿದ್ದ ಸಮಾರ್ಯದವನೂ ಕಂಡ. ನೋಡುವುದರಲ್ಲಿ ಮೂವರಿಗೂ ವ್ಯತ್ಯಾಸವಿಲ್ಲ. ಮೊದಲ ಇಬ್ಬರು ಹಾದುಹೋದರು. ಆಮೇಲೆ ಸಮಾರ್ಯದವನಿಗೆ ಆದದ್ದನ್ನು ಹೇಳಲು ಗ್ರೀಕ್ ಮೂಲದಲ್ಲಿ ಬಳಸಿರುವ ಕ್ರಿಯಾಪದ ಹುಟ್ಟಿರುವುದು ಒಳಾಂಗಗಳ ಹೆಸರಿನಿಂದ. ‘ಕರುಳು ಚುರ್ ಎಂದಿತು’ ಎಂದು ನಾವು ಹೇಳುತ್ತೇವಲ್ಲ, ಅದೇ.

ಆದರೆ ಕರುಳಿನ ವಿಷಯ ಅಲ್ಲಿಗೇ ಮುಗಿಯುತ್ತದೆ. ಮುಂದಿನದೆಲ್ಲ ಕೈಕೆಲಸ. ಹತ್ತಿರ ಹೋದ. ಗಾಯ ತೊಳೆಯಲು ದ್ರಾಕ್ಷಾರಸ, ಉರಿ ತಗ್ಗಿಸಲು ಎಣ್ಣೆ ಹೊಯ್ದು ಕಟ್ಟಿದ. ತಾನು ಇಳಿದು, ತನ್ನ ಪ್ರಾಣಿಯ ಮೇಲೆ ಅವನನ್ನು ಕೂರಿಸಿದ. ಛತ್ರಕ್ಕೆ ಕರೆದೊಯ್ದು ಆರೈಕೆ ಮಾಡಿದ. ದುಡ್ಡು ಕೊಟ್ಟದ್ದು ‘ಮರುದಿನ’ ಎಂದಿದೆ. ಅಂದರೆ ಆ ರಾತ್ರಿ ಪಕ್ಕದಲ್ಲಿದ್ದವನು ತಾನೇ. ಕೊಟ್ಟದ್ದು ಎರಡು ದಿನಾರಿ, ಅಂದಿನ ಬೆಳ್ಳಿ ನಾಣ್ಯ. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದ ಪ್ರಕಾರ ಒಂದು ದಿನಾರಿ ಎಂದರೆ ಒಂದು ದಿನದ ಕೂಲಿ. ಹೆಚ್ಚು ಖರ್ಚಾದರೆ ಹಿಂದಿರುಗಿ ಬರುವಾಗ ಕೊಡುತ್ತೇನೆ ಎಂದು ಛತ್ರದವನಿಗೆ ಮಾತು ಕೊಟ್ಟ. ಎಲ್ಲವನ್ನೂ ತಾನೇ ಹೊತ್ತುಕೊಳ್ಳಲಿಲ್ಲ, ತನ್ನ ಪ್ರಯಾಣವನ್ನೂ ಬಿಡಲಿಲ್ಲ, ಗಾಯಾಳುವಿನ ಜಾತಿ ಮತ ವಿಚಾರಿಸಲೂ ಇಲ್ಲ. ಆದರೆ ಕೈಬದಲಾಯಿಸುವಾಗ ಲೆಕ್ಕ ಸರಿಯಾಗಿ ಒಪ್ಪಿಸಿದ, ಮತ್ತೆ ಬರುತ್ತೇನೆಂದ. ನಮ್ಮ ಸಹಾಯ ಮುರಿದುಬೀಳುವುದು ಬಹುಮಟ್ಟಿಗೆ ಈ ಕೊನೆಯ ಹಂತದಲ್ಲಿ.

ಒಂದು ಮನೆಯಲ್ಲಿ ಯಾರೋ ಹಾಸಿಗೆ ಹಿಡಿದರು ಎನ್ನಿ. ಮೊದಲ ವಾರ ಬಾಗಿಲಲ್ಲಿ ಜನವೋ ಜನ. ಒಂದೇ ದಿನ ಐದು ಮನೆಗಳಿಂದ ಊಟ ಬಂದು ಅರ್ಧ ಹಾಳಾಗುತ್ತದೆ. ನಾಲ್ಕನೇ ವಾರ ಯಾರೂ ಇಲ್ಲ. ಅಷ್ಟರಲ್ಲಿ ರೋಗಿಗಿಂತ ಆರೈಕೆ ಮಾಡುವವರೇ ಸೋತುಹೋಗಿರುತ್ತಾರೆ. ಆದ್ದರಿಂದ ಮೊದಲ ದಿನವೇ ಆರು ವಾರಗಳ ಪಟ್ಟಿ ಹಾಕಬೇಕು: ಯಾವ ದಿನ ಊಟ ಯಾರದು, ಔಷಧಿ ತರುವವರು ಯಾರು, ಆರೈಕೆ ಮಾಡುವವರು ಮಲಗಿ ನಿದ್ದೆ ಮಾಡಲೆಂದು ವಾರಕ್ಕೆ ಎರಡು ಗಂಟೆ ಬಂದು ಕೂರುವವರು ಯಾರು. ಊಟ ಕಳಿಸುವ ಮುನ್ನ ಸಕ್ಕರೆ ಕಾಯಿಲೆ, ಮೂತ್ರಪಿಂಡದ ತೊಂದರೆ ಇದೆಯೇ ಎಂದು ಕೇಳಬೇಕು. ಬೇಯಿಸಿದ ಅಡುಗೆಯನ್ನು ಹೊರಗೆ 2 ಗಂಟೆಗಿಂತ ಹೆಚ್ಚು ಇಡಬಾರದು, ಸೆಖೆ 32 ಡಿಗ್ರಿ ದಾಟಿದ್ದರೆ 1 ಗಂಟೆಯೇ ಹೆಚ್ಚು. ಭೇಟಿಗೆ ಹೋದರೆ ಕಾಲು ಗಂಟೆ ಸಾಕು. ನಿಂತುಕೊಂಡೇ ಮಾತಾಡಬಾರದು, ಕೂತು ಮಾತಾಡಬೇಕು. ರೋಗ ಬಂದದ್ದಕ್ಕೆ ಕಾರಣ ಹುಡುಕಬಾರದು. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ರೋಗದಿಂದ ನರಳಿದ ಯೋಬನ ಗೆಳೆಯರು ಏಳು ದಿನ ಸುಮ್ಮನೆ ಜೊತೆಗೆ ಕೂತಿದ್ದಷ್ಟು ಕಾಲ ಒಳ್ಳೆಯದನ್ನೇ ಮಾಡಿದರು. ಬಾಯಿ ತೆರೆದು ತಪ್ಪು ಹುಡುಕತೊಡಗಿದ ಮೇಲೆ ಅವನಿಗೆ ಹಿಂಸೆಯಾಯಿತು.

ಮತ್ತಾಯ 25ರಲ್ಲಿ ಕ್ರಿಸ್ತನು ಎಣಿಸುವ ಆರು ಕೆಲಸಗಳನ್ನೂ ಹೀಗೇ ಓದಬೇಕು. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವರಿಗೆ ಬಟ್ಟೆ. ರೋಗಿಯ ವಿಷಯದಲ್ಲಿ ಗುಣಪಡಿಸಿದಿರಿ ಎಂದಿಲ್ಲ, ಸೆರೆಯಲ್ಲಿದ್ದವನ ವಿಷಯದಲ್ಲಿ ಬಿಡಿಸಿದಿರಿ ಎಂದೂ ಇಲ್ಲ. ನೋಡಲು ಬಂದಿರಿ ಎಂದಷ್ಟೇ ಇದೆ. ಹೋಗುವುದಕ್ಕೆ ದುಡ್ಡಿರುವವರೇ ಆಗಬೇಕಿಲ್ಲ.

ಕೊಡುವ ರೀತಿಗೂ ನಿಯಮವಿದೆ. ಸಾಲಕ್ಕೆ ಒತ್ತೆ ಪಡೆಯುವಾಗ ಅವನ ಮನೆಯೊಳಗೆ ನುಗ್ಗಬೇಡ, ಹೊರಗೇ ನಿಲ್ಲು, ಅವನೇ ತಂದುಕೊಡಲಿ ಎನ್ನುತ್ತದೆ ಬೈಬಲಿನ ಧರ್ಮೋಪದೇಶಕಾಂಡದ 24ನೇ ಅಧ್ಯಾಯ. ಬಡವನು ಹೊದಿಕೆಯನ್ನೇ ಒತ್ತೆಯಿಟ್ಟಿದ್ದರೆ ಸೂರ್ಯ ಮುಳುಗುವ ಮೊದಲು ಹಿಂದಕ್ಕೆ ಕೊಡಬೇಕು, ಅವನು ಹೊದ್ದು ಮಲಗುವಂತೆ. ಸಾಲ ಕೊಟ್ಟವನಿಗೇ ಹೊಸ್ತಿಲು ದಾಟುವ ಹಕ್ಕಿಲ್ಲದಿರುವಾಗ, ಅಕ್ಕಿ ಚೀಲ ಕೊಟ್ಟವರು ಪಡೆದವರನ್ನು ಸಾಲಾಗಿ ನಿಲ್ಲಿಸಿ ಫೋಟೊ ತೆಗೆದು ವಾಟ್ಸ್ಆ್ಯಪ್ಪಿಗೆ ಹಾಕುವುದು ಯಾವ ನ್ಯಾಯ? ಕಾಣಿಕೆ ಕೊಟ್ಟವರಿಗೆ ಲೆಕ್ಕ ಬೇಕು, ಖಂಡಿತ ಬೇಕು. ಅದಕ್ಕೆ ರಶೀದಿ, ದಾಖಲೆ ಪುಸ್ತಕ, ಇಬ್ಬರ ಸಹಿ ಇವೆ; ಪಡೆದವರ ಮುಖ ಬೇಡ.

ಕ್ಷಮೆಯ ವಿಷಯದಲ್ಲಿ ಆಗುವ ತಪ್ಪು ಇನ್ನೂ ದೊಡ್ಡದು. ಮತ್ತಾಯ 18ರ ಸಾಮ್ಯದಲ್ಲಿ ಅರಸನು ತನ್ನ ಸೇವಕನಿಗೆ ಬಿಟ್ಟ ಸಾಲ 10,000 ತಲಾಂತು. ಒಂದು ತಲಾಂತಿಗೆ ಸುಮಾರು 6000 ದಿನಾರಿಯಂತೆ 6 ಕೋಟಿ ದಿನಗಳ ಕೂಲಿ. ಆ ಸೇವಕನು ಜೊತೆಗಾರನ ಕುತ್ತಿಗೆ ಹಿಡಿದದ್ದು 100 ದಿನಾರಿ ಸಾಲಕ್ಕೆ. ಆ 100 ಕೂಡ ಸಣ್ಣ ಮೊತ್ತವಲ್ಲ, ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ನಮಗಾದ ಅನ್ಯಾಯ ಸುಳ್ಳೆಂದು ಕ್ರಿಸ್ತನು ಎಲ್ಲೂ ಹೇಳುವುದಿಲ್ಲ. ಅದೇ ಅಧ್ಯಾಯದಲ್ಲಿ, ಈ ಸಾಮ್ಯಕ್ಕೂ ಮೊದಲು, ತಪ್ಪು ಮಾಡಿದವನನ್ನು ಮೊದಲು ಒಬ್ಬನೇ ಕಂಡು ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು ಎಂಬ ಕ್ರಮವಿದೆ. ಇದನ್ನು ಬಿಟ್ಟು, ಗಂಡನಿಂದ ಪೆಟ್ಟು ತಿಂದು ಬಂದ ಹೆಣ್ಣುಮಗಳಿಗೆ ‘ಕ್ಷಮಿಸಮ್ಮಾ, ಮನೆಗೆ ಹೋಗು’ ಎಂದು ಕಳಿಸುವುದು ಕರುಣೆಯಲ್ಲ. ಅವಳಿಗೆ ಮೊದಲು ಬೇಕಾದದ್ದು ಸುರಕ್ಷಿತ ಜಾಗ, ವೈದ್ಯರು, ಕಾನೂನಿನ ನೆರವು. ಅವಳ ಕ್ಷಮೆ ಅವಳಿಗೂ ದೇವರಿಗೂ ಬಿಟ್ಟದ್ದು. ಅದಕ್ಕೆ ಗಡುವು ಹಾಕಲು ನಾವು ಯಾರು?

ಸಭೆಗಳ ಹಿರಿಯರಲ್ಲಿ ನಮ್ಮ ವಿನಂತಿ ಇಷ್ಟೇ. ನಿಮ್ಮ ಸಹಾಯದ ಪುಸ್ತಕದಲ್ಲಿ ಹೆಸರು, ಕೊಟ್ಟ ವಸ್ತು, ದಿನಾಂಕ ಎಂಬ ಮೂರು ಕಾಲಂ ಈಗಾಗಲೇ ಇರುತ್ತವೆ. ನಾಲ್ಕನೆಯದೊಂದು ಗೆರೆ ಎಳೆದು ‘ಮತ್ತೆ ಯಾವಾಗ, ಯಾರು ಹೋಗುವುದು’ ಎಂದು ಬರೆಯಿರಿ. ಅದು ಖಾಲಿ ಇರುವ ತನಕ ಪುಸ್ತಕಕ್ಕೆ ಸಹಿ ಹಾಕಬೇಡಿ.

— ಸಭೆಯ ಸಹಾಯಕಾರ್ಯದಲ್ಲಿರುವ ಓದುಗರು