ಕಡೆಯ ಬೆಂಚಿನಲ್ಲಿ ಕುಳಿತವರ ಹೆಸರೇನು?

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಡಿಸೆಂಬರ್ ಕೊನೆಯ ವಾರದಲ್ಲಿ ಸಂತ ಫಿಲೋಮಿನಾ ಚರ್ಚಿನ ದೀಪಾಲಂಕಾರದ ಚಿತ್ರ ಮೈಸೂರಿನ ಪತ್ರಿಕೆಗಳಲ್ಲಿ ತಪ್ಪದೆ ಬರುತ್ತದೆ. ಜೋಡಿ ಗೋಪುರ, ಗೋದಲಿ, ಮೇಣದಬತ್ತಿ ಹಿಡಿದು ನಿಂತ ಎಲ್ಲ ಮತಗಳ ಜನ, ಇವನ್ನೆಲ್ಲ ನೋಡಿದವರಿಗೆ ಕ್ರೈಸ್ತರ ದೇವಾಲಯದ ಬಾಗಿಲು ಯಾರಿಗೂ ಮುಚ್ಚಿಲ್ಲ ಎನ್ನಿಸುವುದು ಸಹಜ, ಮತ್ತು ಅದು ನಿಜವೂ ಹೌದು. ಆದರೆ ನಾನು ಬರೆಯಹೊರಟಿರುವುದು ಆ ಕ್ರಿಸ್ಮಸ್ ರಾತ್ರಿಯ ಬಗ್ಗೆ ಅಲ್ಲ. ದೀಪಾಲಂಕಾರವಿಲ್ಲದ, ಛಾಯಾಗ್ರಾಹಕರೂ ಬಾರದ ಉಳಿದ ಭಾನುವಾರಗಳಲ್ಲಿ ನಮ್ಮ ಸಾಧಾರಣ ಸಭೆಗಳೊಳಗೆ, ಅಂದರೆ ಚರ್ಚುಗಳೊಳಗೆ, ಪರಿಚಯವಿಲ್ಲದ ಒಬ್ಬರು ಕಾಲಿಟ್ಟಾಗ ಏನಾಗುತ್ತದೆ ಎಂಬುದರ ಬಗ್ಗೆ. ಚರ್ಚಿನೊಳಗಿನ ಮಾತನ್ನು ಪತ್ರಿಕೆಗೆ ಏಕೆ ತಂದಿರಿ ಎಂದು ನಮ್ಮವರೇ ಕೆಲವರು ಕೇಳಬಹುದು. ಹಾಗೆ ಬಂದು, ಯಾರೂ ಮಾತನಾಡಿಸದೆ, ಮುಂದಿನ ವಾರ ಬಾರದೆ ಹೋದವರ ಕೈಗೆ ನಮ್ಮ ಸಭೆಯ ಮಾಸಪತ್ರಿಕೆ ಸಿಗುವುದಿಲ್ಲ. ನಿಮ್ಮ ಪತ್ರಿಕೆ ಸಿಗುತ್ತದೆ.

ನಾನು ನಿವೃತ್ತ ಶಿಕ್ಷಕ. ದಕ್ಷಿಣ ಭಾರತ ಸಭೆಗೆ, ಅಂದರೆ ಜನ ಸಿ.ಎಸ್.ಐ. ಎಂದು ಕರೆಯುವ ಸಭೆಗೆ ಸೇರಿದವನು. ಕೆಲವು ವರ್ಷ ಸಭಾ ಹಿರಿಯನಾಗಿ ಆರಾಧನೆಯ ಹೊತ್ತಿಗೆ ಬಾಗಿಲಲ್ಲಿ ನಿಂತು ಬಂದವರಿಗೆ ಕೈಮುಗಿಯುವ ಕೆಲಸ ಮಾಡಿದ್ದೇನೆ. ಆದ್ದರಿಂದ ಈ ಪತ್ರದಲ್ಲಿ ದೂರುವುದಿದ್ದರೆ ಮೊದಲು ನನ್ನನ್ನೇ ದೂರಬೇಕು. ಒಂದು ಭಾನುವಾರ ಕನ್ನಡ ಆರಾಧನೆಗೆ ಇನ್ನೂ ಹತ್ತು ನಿಮಿಷವಿದ್ದಾಗ ಈಶಾನ್ಯ ರಾಜ್ಯದವರಂತೆ ಕಾಣುತ್ತಿದ್ದ ಸುಮಾರು ಮೂವತ್ತು ವರ್ಷದವರೊಬ್ಬರು ಮೆಟ್ಟಿಲು ಹತ್ತಿ ಬಂದರು. ಅವರು ಬಾಯಿ ತೆರೆಯುವ ಮುನ್ನವೇ ನಾನು ಉಪಕಾರ ಮಾಡುವವನಂತೆ, ಇಂಗ್ಲಿಷ್ ಆರಾಧನೆ ಬೆಳಿಗ್ಗೆಯೇ ಮುಗಿಯಿತು, ಮುಂದಿನ ವಾರ ಬೇಗ ಬನ್ನಿ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಅವರು ನಿಧಾನವಾಗಿ, ಪುಸ್ತಕದಲ್ಲಿರುವಂಥ ಅಚ್ಚುಕಟ್ಟಾದ ಕನ್ನಡದಲ್ಲಿ, "ನಾನು ಕನ್ನಡವನ್ನು ಕೇಳಲು ಬಂದಿದ್ದೇನೆ" ಎಂದರು. ಮಾನಸಗಂಗೋತ್ರಿಯಲ್ಲಿರುವ ಭಾರತೀಯ ಭಾಷಾ ಸಂಸ್ಥಾನಕ್ಕೆ ಸೇರಿದ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಹೊರ ರಾಜ್ಯಗಳ ಶಿಕ್ಷಕರು ಹತ್ತು ತಿಂಗಳು ಇದ್ದು ನಮ್ಮ ಭಾಷೆಗಳನ್ನು ಕಲಿಯುತ್ತಾರೆ, ಇವರು ಅಂಥವರಲ್ಲೊಬ್ಬರು. ನನ್ನಂತೆಯೇ ಮೇಷ್ಟ್ರು. ಕಡೆಯ ಬೆಂಚಿನಲ್ಲಿ ಕುಳಿತು, ಪಕ್ಕದವರ ಕೀರ್ತನೆ ಪುಸ್ತಕವನ್ನು ಇಣುಕಿ ನೋಡುತ್ತ ಹಾಡಿದರು. ಆಶೀರ್ವಚನವಾದ ಮೇಲೆ ನಾನು ಕಾಣಿಕೆ ಎಣಿಸಲು ಹೋದೆ. ಉಳಿದವರು ತಮ್ಮ ತಮ್ಮ ನೆಂಟರೊಂದಿಗೆ ಮಾತಿಗೆ ನಿಂತರು. ಅವರು ಇನ್ನೆರಡು ವಾರ ಬಂದರು, ಆಮೇಲೆ ಬರಲಿಲ್ಲ. ಅವರ ಹೆಸರನ್ನು ನಾನು ಕೇಳಿರಲೇ ಇಲ್ಲ.

ಮೈಸೂರಿಗೆ ಹೀಗೆ ಬಂದು ಹೋಗುವವರು ಕಡಿಮೆಯೇನಲ್ಲ. ಇನ್ಫೋಸಿಸ್ ಆವರಣದಲ್ಲಿ ತರಬೇತಿಗೆ ಬರುವ ಹುಡುಗ ಹುಡುಗಿಯರು, ಮಿಜೋರಾಂ, ನಾಗಾಲ್ಯಾಂಡ್‌ಗಳಿಂದ ಓದಲು ಬರುವವರು, ಕೇರಳದ ದಾದಿಯರು, ರೋಗಿಯ ಜೊತೆಗೆ ಹಳ್ಳಿಯಿಂದ ಬಂದು ಆಸ್ಪತ್ರೆಯ ಜಗಲಿಯಲ್ಲಿ ಮಲಗುವವರು ನಮ್ಮ ನಡುವೆ ಸದಾ ಇದ್ದಾರೆ. ಇವರಲ್ಲಿ ಭಾನುವಾರ ದೇವಾಲಯ ಹುಡುಕಿಕೊಂಡು ಬರುವವರಿಗೆ ಬಾಗಿಲಲ್ಲಿ ಒಂದು ನಮಸ್ಕಾರವೂ ಕೈಗೆ ಒಂದು ಆರಾಧನಾ ಪುಸ್ತಕವೂ ಸಿಗುತ್ತವೆ. ಅಲ್ಲಿಗೆ ನಮ್ಮ ಸ್ವಾಗತ ಮುಗಿಯುತ್ತದೆ. ಕೆಲವು ಕಡೆ ಪ್ರಕಟಣೆಗಳ ಹೊತ್ತಿನಲ್ಲಿ "ಹೊಸದಾಗಿ ಬಂದವರು ದಯವಿಟ್ಟು ಎದ್ದು ನಿಲ್ಲಬೇಕು" ಎಂದು ಹೇಳಿ, ಅವರ ಬಾಯಿಂದ ಹೆಸರು ಹೇಳಿಸಿ, ಎಲ್ಲರೂ ಚಪ್ಪಾಳೆ ತಟ್ಟುವ ರೂಢಿಯಿದೆ. ನನ್ನ ಮಟ್ಟಿಗೆ ಅದು ಶಾಲೆಯಲ್ಲಿ ತಡವಾಗಿ ಬಂದ ಹುಡುಗನನ್ನು ಎದ್ದು ನಿಲ್ಲಿಸಿದ ಹಾಗೆ. ನಾಚಿಕೆಯ ಸ್ವಭಾವದವರು ಆ ಒಂದು ಕಾರಣಕ್ಕೇ ಮತ್ತೆ ಬರುವುದಿಲ್ಲ. ಚಪ್ಪಾಳೆ ತಟ್ಟಿದವರಾದರೋ ಸ್ವಾಗತಿಸುವ ಕೆಲಸ ಆಯಿತೆಂದು ತಿಳಿದು ಆರಾಧನೆಯ ನಂತರ ಅವರ ಹತ್ತಿರವೇ ಸುಳಿಯುವುದಿಲ್ಲ.

ಮತ್ತಾಯನ ಸುವಾರ್ತೆಯ 25ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ತಾನು ಪರದೇಶಿಯಾಗಿದ್ದಾಗ ತನ್ನನ್ನು ಸೇರಿಸಿಕೊಂಡವರ ಬಗ್ಗೆ ಹೇಳುವ ಮಾತಿದೆ. ನಮ್ಮ ಹಳೆಯ ಕನ್ನಡ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಇರುವುದು 'ಸೇರಿಸಿಕೊಂಡಿರಿ' ಎಂಬ ಕ್ರಿಯಾಪದ, 'ಸ್ವಾಗತಿಸಿದಿರಿ' ಎಂದಲ್ಲ. ಸ್ವಾಗತ ಹೊಸ್ತಿಲಲ್ಲಿ ಆಗುತ್ತದೆ, ಸೇರಿಸಿಕೊಳ್ಳುವುದು ಒಳಮನೆಯಲ್ಲಿ. ಇನ್ನು 'ಪರದೇಶಿ' ಎಂಬ ಮಾತು. ಬೇರೆ ನಾಡಿನವನು ಎಂಬುದು ಅದರ ಅಕ್ಷರಾರ್ಥವಾದರೂ, ನಮ್ಮ ಮೈಸೂರು ಮಂಡ್ಯ ಸೀಮೆಯ ಆಡುಮಾತಿನಲ್ಲಿ ಪರದೇಶಿ ಎಂದರೆ ಹೇಳುವವರು ಕೇಳುವವರು ಇಲ್ಲದವನು, ದಿಕ್ಕಿಲ್ಲದವನು. ಪರ ಊರಿನವನಾದ ಮಾತ್ರಕ್ಕೆ ಯಾರೂ ದಿಕ್ಕಿಲ್ಲದವರಾಗಬೇಕಿಲ್ಲ. ಮಾತನಾಡಿಸುವವರು ಇಲ್ಲದಾಗ ಮಾತ್ರ ಹಾಗಾಗುತ್ತಾರೆ. ಹಳ್ಳಿಯವರು ಹೊಸಬರನ್ನು ಕಂಡೊಡನೆ "ಯಾವೂರಾಯ್ತು?" ಎಂದು ಕೇಳುವುದರಲ್ಲಿ ಈ ಎಚ್ಚರವಿದೆ. ಅದರ ಬೆನ್ನಿಗೇ ಬರುವ "ಯಾವ ಪೈಕಿ?" ಎಂಬ ಪ್ರಶ್ನೆ ಮಾತ್ರ ಬೇರೆ ಜಾತಿಗೆ ಸೇರಿದ್ದು, ಅಕ್ಷರಶಃ. ಕ್ರಿಸ್ತನಲ್ಲಿ ಭೇದವಿಲ್ಲ ಎಂದು ಪ್ರಸಂಗ ಕೇಳಿ ಹೊರಗೆ ಬಂದವರೂ ಅಂಗಳದಲ್ಲಿ ಈ ಎರಡನೆಯ ಪ್ರಶ್ನೆಯನ್ನು ಸುತ್ತುಬಳಸಿ ಕೇಳುವುದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಬೆಂಚುಗಳ ವಿಷಯವನ್ನೂ ಹೇಳಲೇಬೇಕು. ಯಾವ ಬೆಂಚಿನ ಮೇಲೂ ಹೆಸರು ಬರೆದಿಲ್ಲ, ಆದರೂ ಎಡಗಡೆಯ ಮೂರನೆಯದು ಯಾರ ಮನೆಯವರದು, ಫ್ಯಾನಿನ ಕೆಳಗಿನದು ಯಾರದು ಎಂಬುದು ಸಭೆಯಲ್ಲಿ ಹಳಬರಾದ ಎಲ್ಲರಿಗೂ ಗೊತ್ತು. ಮಳವಳ್ಳಿ ಕಡೆಯ ತಾಯಿಯೊಬ್ಬರು, ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದ ಮಗನಿಗಾಗಿ ಪ್ರಾರ್ಥಿಸಲು ಬಂದವರು, ತಿಳಿಯದೆ ಅಂಥದೊಂದು ಬೆಂಚಿನಲ್ಲಿ ಬಟ್ಟೆಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. "ಸ್ವಲ್ಪ ಹಿಂದೆ ಕೂತ್ಕೊಳ್ಳೀಮ್ಮ, ಇದು ನಮ್ಮನೆಯವರು ಕೂರೋ ಜಾಗ" ಎಂದು ತೀರ ಮೆಲುದನಿಯಲ್ಲಿ ಹೇಳಿ ಅವರನ್ನು ಎಬ್ಬಿಸಿದವರು ಕೆಟ್ಟವರಲ್ಲ. ಅದೇ ವಾರ ಆಸ್ಪತ್ರೆಯ ರೋಗಿಗಳಿಗೆ ಬ್ರೆಡ್ಡು ಹಣ್ಣು ಹಂಚಲು ಹೋಗಿದ್ದವರು. ಚಿನ್ನದ ಉಂಗುರ ತೊಟ್ಟು ಬಂದವನಿಗೆ ಒಳ್ಳೆಯ ಜಾಗವನ್ನೂ ಕೊಳೆಯ ಬಟ್ಟೆಯ ಬಡವನಿಗೆ ಕಾಲಬಳಿಯ ಜಾಗವನ್ನೂ ತೋರಿಸುವ ಸಭೆಯ ಬಗ್ಗೆ ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿ ಓದುವಾಗ ನಾವೆಲ್ಲ ಅದು ಬೇರೆ ಯಾರದೋ ಸಭೆ ಎಂದು ತಲೆದೂಗುತ್ತೇವೆ.

ಇದಕ್ಕೆ ಪರಿಹಾರವೇನು ಎಂದರೆ ಸಮಿತಿ ರಚಿಸುವುದು ನಮ್ಮ ಹಳೆಯ ಚಾಳಿ. ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯದಲ್ಲಿ ಯೆರೂಸಲೇಮಿನ ಸಭೆಯವರು ಬೇರೊಂದು ದಾರಿ ಹಿಡಿದರು. ದಿನನಿತ್ಯದ ಊಟದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಗ್ರೀಕ್ ಮಾತನಾಡುವವರು ಇಬ್ರಿಯ ಮಾತನಾಡುವವರ ಮೇಲೆ ಗೊಣಗಿದರು. ಭಾಷೆ ಮತ್ತು ಊಟ, ಎರಡೂ ಸೇರಿದ ಜಗಳ; ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಆಗ ಬಡಿಸುವ ಕೆಲಸಕ್ಕೆ ಏಳು ಜನರನ್ನು ಆರಿಸಿದರು: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಬಡಿಸುವವರು ನಮ್ಮವರಾದರೆ ಕಡೆಯ ಪಂಕ್ತಿಯಲ್ಲಿ ಕುಳಿತರೇನು ಎಂಬ ಗಾದೆಯನ್ನು ನಾವು ಸ್ವಜನ ಪಕ್ಷಪಾತವನ್ನು ಹಂಗಿಸಲು ಬಳಸುತ್ತೇವೆ. ಅಲ್ಲಿ ಕಡೆಯ ಪಂಕ್ತಿಯಲ್ಲಿ ಕುಳಿತಿದ್ದವರನ್ನೇ ಎಬ್ಬಿಸಿ ಅವರ ಕೈಗೆ ಸೌಟು ಕೊಟ್ಟರು. ಹೊಸಬರಿಗೆ ಊಟ ಬಡಿಸುವುದು ಸುಲಭ. ಅವರಿಂದ ಬಡಿಸಿಕೊಳ್ಳುವುದಕ್ಕೆ ನಮ್ಮಲ್ಲಿ ಮನಸ್ಸು ಇನ್ನೂ ಬಂದಿಲ್ಲ. ಸುಗ್ಗಿ ಹಬ್ಬದ ಅಡುಗೆಯ ಮೇಲ್ವಿಚಾರಣೆ, ಗಾಯಕ ವೃಂದ, ಭಾನುವಾರದ ಶಾಲೆ, ವೇದಪಾಠ ಓದುವ ಸರದಿ, ಎಲ್ಲವೂ ಹತ್ತಾರು ಮನೆತನಗಳ ನಡುವೆಯೇ ಸುತ್ತುತ್ತವೆ.

ಮಂಡ್ಯದಲ್ಲಿ ಬೇರೆಯದನ್ನು ಕಂಡೆ. ನನ್ನ ಮಗಳಿಗೆ ಅಲ್ಲಿಗೆ ವರ್ಗವಾದಾಗ ಒಂದು ಚಿಕ್ಕ ಸಭೆಗೆ ಹೋದಳು. ಆರಾಧನೆ ಮುಗಿದೊಡನೆ ಹಿರಿಯರೊಬ್ಬರ ಹೆಂಡತಿ ಬಂದು, "ಒಬ್ಳೇ ಇದ್ದೀಯೇನವ್ವ? ಬಾ ನಮ್ಮನೇಗೆ, ಮುದ್ದೆ ಆಯ್ತದೆ ತಾನೇ?" ಎಂದು ಕೈಹಿಡಿದು ಕರೆದೊಯ್ದರಂತೆ. ಸ್ವಾಗತ ಎಂಬ ಪದ ಆ ಮಾತಿನಲ್ಲಿ ಎಲ್ಲೂ ಇಲ್ಲ. ಮೂರನೆಯ ವಾರಕ್ಕೆ ಅವಳ ಕೈಗೆ ಭಾನುವಾರದ ಶಾಲೆಯ ಚಿಕ್ಕ ಮಕ್ಕಳನ್ನು ಒಪ್ಪಿಸಿದ್ದರು. ಜನ ಕಡಿಮೆಯಿದ್ದ ಸಭೆಯಾದ್ದರಿಂದ ಹೊಸಬರು ಬೇಕಾಗಿದ್ದರು, ನಿಜ. ಬೇಕಾಗಿದ್ದೇನೆ ಎಂದು ಅನ್ನಿಸಿದ್ದರಿಂದಲೇ ಅವಳು ಅಲ್ಲಿ ನಿಂತಳು.

ದೊಡ್ಡ ಸಭೆಗಳಲ್ಲಿ ಇದು ಸಾಧ್ಯವಿಲ್ಲ ಎನ್ನುವವರಿಗೆ ನಮ್ಮ ವೆಸ್ಲಿಯನ್ ಪರಂಪರೆಯಲ್ಲೇ ಉತ್ತರವಿದೆ. ಮೈಸೂರಿನ ವೆಸ್ಲಿ ದೇವಾಲಯಕ್ಕೆ ಯಾರ ಹೆಸರಿದೆಯೋ ಆ ಇಂಗ್ಲಿಷ್ ಧರ್ಮಬೋಧಕ ಜಾನ್ ವೆಸ್ಲಿಯ ಅನುಯಾಯಿಗಳು 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ತಮ್ಮ ಪ್ರಾರ್ಥನಾ ಮಂದಿರದ ಸಾಲ ತೀರಿಸಲು ಒಂದು ಉಪಾಯ ಮಾಡಿದರು. ಸದಸ್ಯರನ್ನು ಹನ್ನೆರಡು ಹನ್ನೆರಡು ಜನರ ಗುಂಪುಗಳಾಗಿ ಮಾಡಿ, ಗುಂಪಿಗೊಬ್ಬ ಮುಖಂಡ ವಾರಕ್ಕೊಮ್ಮೆ ಮನೆಮನೆಗೆ ಹೋಗಿ ತಲೆಗೆ ಒಂದು ಪೆನ್ನಿಯಂತೆ ಸಂಗ್ರಹಿಸಬೇಕೆಂದು ಗೊತ್ತುಮಾಡಿದರು. ಹಾಗೆ ಹೋದ ಮುಖಂಡರ ಕಣ್ಣಿಗೆ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಜಗಳ, ಯಾರು ಕುಡಿತಕ್ಕೆ ಬಿದ್ದಿದ್ದಾರೆ ಎಂಬುದೆಲ್ಲ ಬಿತ್ತು. ಸಾಲ ವಸೂಲಿಯ ಏರ್ಪಾಡು ಒಬ್ಬರನ್ನೊಬ್ಬರು ಕಾಯುವ ಏರ್ಪಾಡಾಯಿತು. 'ಕ್ಲಾಸ್ ಮೀಟಿಂಗ್' ಎಂದು ಹೆಸರಾಯಿತು. ಐನೂರು ಜನರ ಸಭೆಯಲ್ಲಿ ಸಭಾಪಾಲಕರೊಬ್ಬರೇ ಎಲ್ಲರ ಹೆಸರನ್ನು ನೆನಪಿಡಲಾರರು. ಹನ್ನೆರಡು ಜನರ ಹೆಸರನ್ನು ಯಾರು ಬೇಕಾದರೂ ನೆನಪಿಡಬಹುದು. ಹದಿಮೂರನೆಯವರು ಬಂದರೆ ಹೊಸಬರೆಂದು ತಿಳಿಯಲೂಬಹುದು. ಚಂದಾ ವಸೂಲಿಗೆ ಇಂದಿಗೂ ನಾವು ಬಡಾವಣೆಗಳನ್ನು ಹಂಚಿಕೊಳ್ಳುತ್ತೇವಲ್ಲ, ಅದೇ ಪಟ್ಟಿ ಸಾಕು.

ಇನ್ನೊಂದು ಸಾಧನವೂ ನಮ್ಮ ಕೈಯಲ್ಲೇ ಇದೆ. 1947ರ ಸೆಪ್ಟೆಂಬರ್ 27ರಂದು ಬೇರೆ ಬೇರೆ ಪಂಗಡಗಳು ಕೂಡಿ ದಕ್ಷಿಣ ಭಾರತ ಸಭೆಯಾದ ಮೇಲೆ, 1950ರಲ್ಲಿ ಸಿದ್ಧವಾದ ಕರ್ತನ ಭೋಜನದ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರದ) ಆರಾಧನಾ ಕ್ರಮದಲ್ಲಿ, ಕೇರಳದ ಸಿರಿಯನ್ ಕ್ರೈಸ್ತರು ಉಳಿಸಿಕೊಂಡು ಬಂದಿದ್ದ ಒಂದು ಪುರಾತನ ಪದ್ಧತಿಯನ್ನು ಸೇರಿಸಿದರು: ಕೈಯಿಂದ ಕೈಗೆ ಸಮಾಧಾನವನ್ನು, ಅಂದರೆ ಶಾಂತಿಯ ಹಾರೈಕೆಯನ್ನು, ದಾಟಿಸುವುದು. ಹೊರದೇಶಗಳ ಸಭೆಗಳೂ ಇದನ್ನು ನಮ್ಮಿಂದ ನೋಡಿ ಕಲಿತವು. ಈಗ ಆ ಒಂದು ನಿಮಿಷದಲ್ಲಿ ಗಂಡ ಹೆಂಡತಿಗೆ, ಅಣ್ಣ ತಮ್ಮನಿಗೆ ಸಮಾಧಾನ ಹೇಳಿ ಕುಳಿತುಕೊಳ್ಳುತ್ತಾರೆ. ಕಾರಿನಲ್ಲಿ ಜೊತೆಗೇ ಬಂದವರಿಗೆ ಅಲ್ಲಿ ಹೇಳುವುದೇನಿದೆ? ನನಗೆ ಪರಿಚಯವಿಲ್ಲದ ಒಬ್ಬರಿಗೆ ಮೊದಲು, ಆಮೇಲೆ ನನ್ನವರಿಗೆ ಎಂದು ಪ್ರತಿಯೊಬ್ಬರೂ ಇಟ್ಟುಕೊಂಡರೆ ಕಡೆಯ ಬೆಂಚಿನ ತನಕ ಯಾರಾದರೂ ನಡೆದು ಹೋಗಲೇಬೇಕಾಗುತ್ತದೆ.

ಅಪರಿಚಿತರನ್ನು ಬರಮಾಡಿಕೊಳ್ಳುವುದರಲ್ಲಿ ಡೋರನಹಳ್ಳಿಯ ಸಂತ ಅಂತೋಣಿಯವರ ಕ್ಷೇತ್ರವನ್ನು ನೋಡಿ ಕಲಿಯಿರಿ ಎಂದು ಮಿತ್ರರೊಬ್ಬರು ಹೇಳುತ್ತಾರೆ. ಹೊಲ ಉಳುವ ರೈತನಿಗೆ ಸಂತರ ಪ್ರತಿಮೆ ಸಿಕ್ಕಿತೆಂಬ ಐತಿಹ್ಯವಿರುವ ಆ ಊರಿಗೆ ಜೂನ್ 13ರ ಹಬ್ಬದಂದು ಬರುವ ಜನರಲ್ಲಿ ಯಾರು ಯಾವ ಮತದವರು ಎಂದು ಕೇಳುವವರಿಲ್ಲ. ಮಾತು ಸರಿಯೇ. ಆದರೆ ಕ್ಷೇತ್ರ ಬೇರೆ, ಸಭೆ ಬೇರೆ. ಕ್ಷೇತ್ರಕ್ಕೆ ಬಂದವರು ಹರಕೆ ತೀರಿಸಿ ಮರಳುತ್ತಾರೆ, ಅಲ್ಲಿ ಗುರುತಿಲ್ಲದೆ ಇರುವುದೇ ಒಂದು ನೆಮ್ಮದಿ. ಸಭೆಯಲ್ಲಿ ಮುಂದಿನ ವಾರ ಅವರು ಬಾರದಿದ್ದರೆ ಏಕೆ ಬರಲಿಲ್ಲ ಎಂದು ಕೇಳುವ ಒಬ್ಬರಾದರೂ ಇರಬೇಕು.

ನಮ್ಮ ಸಭೆಗಳ ಹುಟ್ಟನ್ನಾದರೂ ನೆನೆಯೋಣ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದರ ಪಕ್ಕದ ಗಂಜಾಮಿಗೆ ಬಂದು, ಚದುರಿದ್ದ ಕ್ರೈಸ್ತರನ್ನು ಕೂಡಿಸಿ, ಸಿಡುಬಿಗೆ ಚುಚ್ಚುಮದ್ದು ಹಾಕಿಸಿದ ಫ್ರಾನ್ಸಿನ ಪಾದ್ರಿ ಅಬ್ಬೆ ದ್ಯುಬುವಾ ಇಲ್ಲಿಯವರಂತೆಯೇ ಉಟ್ಟು, ಇಲ್ಲಿಯವರಂತೆಯೇ ಉಂಡು, ಜನರ ಬಾಯಲ್ಲಿ ದೊಡ್ಡಸ್ವಾಮಿಯವರಾದರು. 1823ರಲ್ಲಿ ಅವರು ಸ್ವದೇಶಕ್ಕೆ ಮರಳುವವರೆಗೆ ಈ ಸೀಮೆಯ ಜನ ಆ ಪರದೇಶಿಯನ್ನು ತಮ್ಮಲ್ಲಿ ಸೇರಿಸಿಕೊಂಡಿದ್ದರು. ಸೇರಿಸಿಕೊಂಡವರಲ್ಲಿ ಹೆಚ್ಚಿನವರು ಕ್ರೈಸ್ತರೇನೂ ಆಗಿರಲಿಲ್ಲ.

ಕ್ರೈಸ್ತರಲ್ಲದವರು ಬಂದರೆ ಮಾತನಾಡಿಸಲು ಈಚೆಗೆ ನಮ್ಮಲ್ಲಿ ಅಳುಕಿದೆ. ಮತಾಂತರದ ಆರೋಪ ಬಂದೀತೆಂಬ ಭಯಕ್ಕೆ ಕಾರಣಗಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೂ ಅಂಗಳದಲ್ಲಿ ನಿಂತ ನೆರೆಮನೆಯವರಿಗೆ ಒಂದು ಲೋಟ ಕಾಫಿ ಕೊಟ್ಟು, ಅವರ ವಿಳಾಸವನ್ನಾಗಲಿ ಫೋನ್ ಸಂಖ್ಯೆಯನ್ನಾಗಲಿ ಬರೆದುಕೊಳ್ಳದೆ, ಮಳೆಬೆಳೆಯ ಮಾತನಾಡಿ ಕಳುಹಿಸಿದರೆ ಅದರಲ್ಲಿ ಹೆದರುವಂಥದ್ದೇನೂ ಇಲ್ಲ.

ನಮ್ಮ ಸಭೆಯ ಈ ವರ್ಷದ ಸುಗ್ಗಿ ಹಬ್ಬದ ಊಟಕ್ಕೆ ಬಡಿಸುವವರ ಪಟ್ಟಿ ಕಳೆದ ವಾರ ತಯಾರಾಯಿತು. ಇಪ್ಪತ್ತು ಹೆಸರುಗಳಿದ್ದವು, ಇಪ್ಪತ್ತೂ ಹಳೆಯ ಮನೆತನದವು. ಅವುಗಳಲ್ಲಿ ಅರ್ಧವನ್ನು ತೆಗೆದು, ಕಳೆದ ಒಂದು ವರ್ಷದಲ್ಲಿ ಹೊಸದಾಗಿ ಬಂದವರ ಹೆಸರು ಹಾಕೋಣ ಎಂದೆ. ಯಾರೂ ವಿರೋಧಿಸಲಿಲ್ಲ. ಬರೆದುಕೊಳ್ಳಲು ಕಾರ್ಯದರ್ಶಿಗಳು ಪೆನ್ನು ಹಿಡಿದು ಕುಳಿತರು. ಹತ್ತು ಜನ ನಮ್ಮೆಲ್ಲರ ಕಣ್ಣ ಮುಂದೆ ಬಂದರು, ಆದರೆ ನಾಲ್ಕು ಹೆಸರುಗಳ ನಂತರ ಪೆನ್ನು ನಿಂತಿತು. ಉಳಿದ ಆರು ಹೆಸರುಗಳನ್ನು ಈ ಭಾನುವಾರ ಕೇಳಿಕೊಂಡು ಬರುವ ಕೆಲಸ ನನ್ನ ಪಾಲಿಗೆ ಬಂದಿದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕ, ಮೈಸೂರು