ಪಟ್ಟಿ ಇಳಿಸಿದ ತಂಬೂರಿ

ಪುಣೆ, ಶುಕ್ರವಾರ

ಪ್ರೀತಿಯ ಮಗಳಿಗೆ ಅವ್ವನ ಆಶೀರ್ವಾದಗಳು.

ಸೋಮವಾರ ಬೆಳಿಗ್ಗೆ ನೀನು ಚಹ ಕೂಡ ಕುಡಿಯದೆ ಬೆಂಗಳೂರಿನ ಗಾಡಿ ಹಿಡಿದೆ. ಹಿಂದಿನ ರಾತ್ರಿ ನಾವಿಬ್ಬರೂ ಆಡಿದ್ದನ್ನು ಮತ್ತೆ ಬರೆಯುವುದಿಲ್ಲ. ನಿನಗೂ ನೆನಪಿದೆ, ನನಗೂ ನೆನಪಿದೆ. ಆದರೆ "ಹುಡುಗಿಯಂತೆ ಹಾಡುವ ಹಟ ಇನ್ನಾದರೂ ಬಿಡು" ಎಂದೆಯಲ್ಲ, ಅದಕ್ಕೆ ಅಂದು ನಾನು ಕೊಟ್ಟದ್ದು ಸಿಟ್ಟು, ಉತ್ತರವಲ್ಲ.

ಸದಾಶಿವ ಪೇಟೆಯ ಆ ಬೈಠಕ್ಕಿನ ಧ್ವನಿಮುದ್ರಣವನ್ನು ಈ ಐದು ದಿನ ಕೇಳುತ್ತಲೇ ಇದ್ದೇನೆ. ಪೂರಿಯಾ ಧನಾಶ್ರೀ ರಾಗದಲ್ಲಿ, ಸ್ವರ ಮೇಲೇರುವ ಅಂತರೆಯಲ್ಲಿ, ನನ್ನ ಕಂಠ ಬಿರಿಯಿತು, ಆಗ ನೀನು ಹಿಂದೆ ತಂಬೂರಿ ಹಿಡಿದು ಕುಳಿತವಳು ತಾರ ಷಡ್ಜ, ಆ ಮೇಲಿನ 'ಸ', ಕೊಟ್ಟು ಕಾಪಾಡಿದೆ ಎಂದೇ ನಾನು ತಿಳಿದಿದ್ದೆ. ನಡೆದದ್ದು ಹಾಗಲ್ಲ. ನಾನು ಇನ್ನೂ ಅದರ ಕೆಳಗಿನ ನಿಷಾದದ ಮೇಲೆ ನಿಂತಿರುವಾಗಲೇ ನಿನ್ನ ಷಡ್ಜ ಬಂದಿದೆ; ಕಂಠ ಬಿರಿದದ್ದು ಆಮೇಲೆ. ಮೊದಲ ಸಲ ಕಿವಿ ತಪ್ಪಿತೆಂದುಕೊಂಡೆ. ಮತ್ತೆ ಕೇಳಿದೆ, ನಿನ್ನಪ್ಪನಿಗೂ ಕೇಳಿಸಿದೆ. ಅವರು ಏನೂ ಹೇಳದೆ ಪೇಪರು ಎತ್ತಿಕೊಂಡರು. ಅಂದರೆ ನಾನು ಬೀಳುವುದನ್ನು ಕಾಯುತ್ತಲೇ ಕುಳಿತಿದ್ದೆಯಾ? ಎಷ್ಟು ಬೈಠಕ್ಕುಗಳಿಂದ? ಹೋದ ವರ್ಷ ಮುಂಬಯಿಯಲ್ಲಿ ಹಾಡಿದಾಗಲೂ ಹೀಗೆಯೇ ಇತ್ತೇ? ಶ್ರೋತೃಗಳಿಗೂ ಗೊತ್ತಿತ್ತೇ, ತಬಲಾದವರಿಗೂ? ರಾತ್ರಿ ಎರಡಕ್ಕೆ ಎದ್ದು ಇದನ್ನೇ ಯೋಚಿಸುತ್ತೇನೆ. ಆದರೆ ಇದನ್ನೂ ಬರೆಯಬೇಕು: ಆ ಷಡ್ಜ ಎಷ್ಟು ಹದವಾಗಿತ್ತೆಂದರೆ ತಂಬೂರಿಯ ಜೋಡಿ ತಂತಿಗಳಲ್ಲಿ ಕರಗಿ, ಹುಡುಕಿದರೆ ಮಾತ್ರ ಕೇಳಿಸುವಂತಿತ್ತು. ಹಾಗೆ ಸ್ವರ ಇಡುವುದನ್ನು ನಾನು ನಿನಗೆ ಕಲಿಸಿದ ನೆನಪಿಲ್ಲ.

ನಮ್ಮ ಗುರುಗಳ ಹಿಂದೆ ಕುಳಿತು ಇದೇ ಕೆಲಸವನ್ನು ನಾನೂ ಮಾಡಿದ್ದೆ. ಧಾರವಾಡದಲ್ಲಿ, ಅವರಿಗೆ ಎಪ್ಪತ್ತು ದಾಟಿತ್ತು. ಮನೆಗೆ ಬಂದ ಮೇಲೆ ಬೈಯುತ್ತಾರೆಂದು ನಡುಗುತ್ತಿದ್ದೆ. ಮರುದಿನ ಬೆಳಿಗ್ಗೆ ಅವರು ತಂಬೂರಿಯನ್ನು ನನ್ನ ಮುಂದೆ ಸರಿಸಿ, "ಒಂದು ಪಟ್ಟಿ ಇಳಿಸು" ಎಂದಷ್ಟೇ ಹೇಳಿದರು, ಶ್ರುತಿಯನ್ನು ಒಂದು ಮೆಟ್ಟಿಲು ತಗ್ಗಿಸು ಎಂದು. ಆ ದೊಡ್ಡತನ ನನಗೆ ಬರಲಿಲ್ಲ. ನಾನು ನಿನ್ನನ್ನು ಮೂವತ್ತನಾಲ್ಕಕ್ಕೇ ರಿಯಾಜು ಬಿಟ್ಟ ಮುದುಕಿ ಎಂದೆ. ತಪ್ಪಾಯಿತು.

ಆದರೂ ಹೇಳುತ್ತೇನೆ. ಕೆಲಸ ಮುಗಿಸಿ ಮನೆಗೆ ಬರುವುದೇ ರಾತ್ರಿ ಒಂಬತ್ತಕ್ಕೆ, ಇನ್ನು ಕಲಿಯುವ ವಯಸ್ಸು ಮುಗಿಯಿತು ಎನ್ನುತ್ತೀಯೆ. ಮಲ್ಲಿಕಾರ್ಜುನ ಮನ್ಸೂರರು ಗ್ರಾಮಫೋನ್ ತಟ್ಟೆಗಳು ಬಂದು ಹೆಸರಾದ ಮೇಲೆ ಮಂಜಿಖಾನರ ಮುಂದೆ ಮತ್ತೆ ಶಿಷ್ಯರಾಗಿ ಕುಳಿತರು. 1937ರಲ್ಲಿ ಮಂಜಿಖಾನರು ತೀರಿಕೊಂಡಾಗ ಅವರ ತಮ್ಮ ಭೂರ್ಜಿಖಾನರಲ್ಲಿ ಕಲಿಕೆ ಮುಂದುವರಿಸಿದರು. ದಿನಕ್ಕೆ ಅರ್ಧ ತಾಸು ಸಾಕು, ಆದರೆ ಫೋನನ್ನು ಇನ್ನೊಂದು ಕೋಣೆಯಲ್ಲಿಡು, ಊಟಕ್ಕೆ ಮೊದಲು ಕೂತುಕೋ, ಮೊದಲು ಮಂದ್ರದ, ಕೆಳಗಿನ ಸ್ವರಗಳನ್ನೇ ಹಿಡಿದು ನಿಲ್ಲು. ಇಗೋ, ಭಾಷಣ ಶುರುವಾಯಿತು ಎಂದು ನೀನು ನಗುತ್ತಿರಬೇಕು.

ಹೆಂಗಸರಿಗೆ ಮುಟ್ಟು ನಿಂತ ಮೇಲೆ ಧ್ವನಿತಂತುಗಳು ದಪ್ಪವಾಗಿ ಕಂಠ ಕೆಳಗಿಳಿಯುತ್ತದೆ, ಗಂಡಸರದು ಮುಪ್ಪಿನಲ್ಲಿ ತುಸು ಮೇಲೇರುತ್ತದೆ ಎಂದು ಗಂಟಲಿನ ವೈದ್ಯರು ಹತ್ತು ವರ್ಷದ ಹಿಂದೆಯೇ ನನಗೆ ಹೇಳಿದ್ದರು. ನಾನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಹಾರ್ಮೋನಿಯಂನ ಕರಿ ಐದರ ಆ ಎತ್ತರದ ಶ್ರುತಿಯನ್ನು ಬಿಟ್ಟರೆ ನಾನು ನಾನಾಗಿ ಉಳಿಯುವುದಿಲ್ಲ ಎಂಬ ಭಯವಿತ್ತು. ಗಂಗೂಬಾಯಿ ಹಾನಗಲ್ ಅವರು ನನಗಾದರೂ ನೆನಪಾಗಬೇಕಿತ್ತು. 'ಗಾಂಧಾರಿ ಹುಬ್ಳಿ' ಎಂಬ ಹೆಸರಿನ ಅವರ ಹಳೆಯ ತಟ್ಟೆಗಳಲ್ಲಿರುವ ಸಣ್ಣ ಎಳೆಯ ಕಂಠಕ್ಕೂ, ಗಂಟಲಿನ ಚಿಕಿತ್ಸೆಯ ನಂತರ ಬಂದ ಗಂಡುಕಂಠಕ್ಕೂ ಸಂಬಂಧವೇ ಇಲ್ಲ; ಬಂದ ಕಂಠವನ್ನೇ ಹಿಡಿದುಕೊಂಡು 2006ರಲ್ಲಿ, ತೊಂಬತ್ತಮೂರನೆಯ ವಯಸ್ಸಿನಲ್ಲೂ ಅವರು ಹಾಡಿದರು.

ಬುಧವಾರ ನಸುಕಿನಲ್ಲಿ ತಂಬೂರಿಯನ್ನು ಕರಿ ನಾಲ್ಕಕ್ಕೆ ಇಳಿಸಿದೆ. ಬಿರಡೆ ತಿರುಗಿಸುವಾಗ ಕೈ ನಡುಗಿತು, ಸುಳ್ಳು ಹೇಳುವುದಿಲ್ಲ. ಆಮೇಲೆ ಸುಮ್ಮನೆ ಮಂದ್ರಕ್ಕೆ ಇಳಿದು ನೋಡಿದೆ. ನಾನು ದರಬಾರಿ ರಾಗವನ್ನು ಎಂದೂ ಮನಸಾರೆ ಹಾಡಿದವಳಲ್ಲ, ಏಕೆಂದರೆ ನನ್ನ ಮಂದ್ರ ಪಂಚಮ ಗಾಳಿಯಂತೆ ತೆಳ್ಳಗಿತ್ತು. ಮೊನ್ನೆ ಆ ಪಂಚಮ ಬಂತು, ಭಾರವಾಗಿ, ಎದೆಯೊಳಗೆ ಕಂಪಿಸುವಂತೆ. ಅಲ್ಲಿಂದ ಧೈವತದ ಆಂದೋಲನ ಹಿಡಿದು ಅರ್ಧ ತಾಸು ಬೇರೆಡೆಗೆ ಹೋಗಲೇ ಇಲ್ಲ. ಬೆಳಗಿನ ಐದಕ್ಕೆ, ರಾತ್ರಿಯ ರಾಗ ದರಬಾರಿ! ಗುರುಗಳಿದ್ದಿದ್ದರೆ ತಂಬೂರಿ ಕಸಿದುಕೊಳ್ಳುತ್ತಿದ್ದರು. ನಿನ್ನಪ್ಪ ಎದ್ದು ಬಂದು ಯಾರು ಹಾಡುತ್ತಿರುವುದೆಂದು ಕೇಳಿದರು. ಅರವತ್ತಮೂರು ವರ್ಷದ ನಾನು, ಹೊಸ ಲಂಗ ತೊಟ್ಟ ಹುಡುಗಿಯಂತೆ, ಇಡೀ ದಿನ ಅಡುಗೆಮನೆಯಲ್ಲಿ ಅದನ್ನೇ ಗುನುಗುತ್ತಿದ್ದೆ.

ಮುಂದಿನ ಬೈಠಕ್ಕಿನಲ್ಲೂ ನೀನೇ ಹಿಂದೆ ಕೂರಬೇಕು. ಆದರೆ ಸ್ವರ ಬಿರಿದ ಮೇಲೆ ಬಾ, ಮೊದಲೇ ಬರಬೇಡ.

ಪಟ್ಟಿ ಇಳಿಸಿದ್ದರಿಂದ ಖರಜದ ತಂತಿ, ಎಲ್ಲಕ್ಕಿಂತ ಕೆಳಗಿನ ಸ್ವರದ್ದು, ಸಡಿಲಾಗಿ ಝೇಂಕರಿಸುತ್ತಿಲ್ಲ. ತುಸು ದಪ್ಪನೆಯದನ್ನು ಮಿರಜದಿಂದ ತರಿಸುತ್ತೇನೆ. ದೀಪಾವಳಿಗೆ ಬಂದಾಗ ತಂತಿಯಡಿ ಇಡುವ ಜವಾರಿಯ ದಾರವನ್ನು ನೀನೇ ಕೂರಿಸಿಕೊಡು. ನನ್ನ ಕಣ್ಣಿಗೆ ಆ ಎಳೆ ಕಾಣಿಸುತ್ತಿಲ್ಲ.

ನಿನ್ನ
ಅವ್ವ